ಪ್ರಸ್ಥಾನಕ್ಕೆ ಇಟ್ಟ ದಾರಿಯಂತ್ರ

ದಾರಿ ತಪ್ಪುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕನಿಕರ. ಸೇಡಂನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ ನಾನು. ಅಮೆಜಾನ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಅಂಥವನು ಸೇಡಂನಿಂದ ಚಿಂಚೋಳಿಗೆ, ಬಸ್ಸಿನಲ್ಲಿ ಕೂತವರು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಮುಟ್ಟುವ ಊರಿಗೆ, ಮುಂಜಾನೆ ಹೊರಟು ಹೊತ್ತು ಇಳಿಯುವಾಗ ಮುಟ್ಟಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಸುಧಾ ಮಾತ್ರ ತಕ್ಷಣ ನಂಬುತ್ತಾಳೆ. ವ್ಯಾನಿನಲ್ಲಿ ಅವಳೂ ಇದ್ದಳು!

ಆ ವ್ಯಾನಿನ ವಿಷಯ ಮೊದಲು ಹೇಳಬೇಕು. ನಮ್ಮ ಅಪ್ಪ ಕಟ್ಟಾ ಮಡಿವಂತರು. ಪರವೂರಿನ ನೀರು ಮುಟ್ಟುವುದಿಲ್ಲ, ಹೋಟೆಲಿನ ಮುಂದೆ ಹಾಯುವಾಗ ಮೂಗಿಗೆ ಶಲ್ಯ ಹಿಡಿಯುತ್ತಾರೆ. ಹೀಗಾಗಿ ಅವರ ಪ್ರವಾಸಗಳೆಲ್ಲ ಹಸಿವಿನ ಗಡಿಯೊಳಗೇ ನಡೆಯುತ್ತಿದ್ದವು. ಮುಂಜಾನೆ ಮನೆಯಲ್ಲಿ ಉಂಡು ಹೊರಟರೆ ಸಂಜೆ ಮನೆಯಲ್ಲೇ ಉಣ್ಣಬೇಕು. ಆಗ ನಾನು ಎಲ್ಲೋ ಒಂದು ಪತ್ರಿಕೆಯಲ್ಲಿ ನೋಡಿದೆ: ಪರದೇಶದ ಜನ ವ್ಯಾನಿನೊಳಗೇ ಹಾಸಿಗೆ, ಒಲೆ, ನೀರಿನ ಟಾಕಿ ಇಟ್ಟುಕೊಂಡು ಮನೆಯನ್ನೇ ಓಡಿಸಿಕೊಂಡು ಊರೂರು ತಿರುಗುತ್ತಾರಂತೆ. ಅದಕ್ಕೆ ಕ್ಯಾಂಪರ್ ವ್ಯಾನು ಎನ್ನುತ್ತಾರಂತೆ. ನನ್ನ ತಲೆಯಲ್ಲಿ ದೀಪ ಹತ್ತಿತು. ನಡೆದಾಡುವ ಮಡಿ ಅಡಿಗೆಮನೆ!

ಬ್ರೆಡ್ಡು ಹಂಚುತ್ತಿದ್ದ ಹಳೆಯ ವ್ಯಾನೊಂದು ಅಗ್ಗಕ್ಕೆ ಸಿಕ್ಕಿತು. ಅಪ್ಪ ಅದರೊಳಗೆ ತಲೆ ಹಾಕಿ, ಮೂಸಿ, ಹಿಂದೆ ಸರಿದರು. ಅದನ್ನು ಗೋಮೂತ್ರದಿಂದ ತೊಳೆಸಿದೆ, ಅರಿಶಿನದ ನೀರಿನಿಂದ ತೊಳೆಸಿದೆ. ಆಮೇಲೆ ನೆಲದ ಪ್ರಶ್ನೆ ಬಂತು. ಪ್ಲೈವುಡ್ಡಿನ ಮೇಲೆ ರೆಕ್ಸಿನ್ ಹಾಸಿಸಿದ್ದೆ. ಅಪ್ಪ, "ಇದರ ಮ್ಯಾಲೆ ಒಲಿ ಹೂಡಿದ್ರ ಮಡಿ ಹ್ಯಾಂಗ ನಿಲ್ತದೋ? ನೆಲಾ ಅಂದ್ರ ಕಲ್ಲಿರಬೇಕು, ತೊಳದು ಸಾರಿಸಲಿಕ್ಕೆ ಬರಬೇಕು" ಎಂದರು. ನಮ್ಮ ಮನೆಯ ಬಡಗು ಮಗ್ಗುಲಿಗೆ ಖಾಜಾಮಿಯಾನ ಮನೆ. ಶಹಾಬಾದಿನ ಫರಸಿ ಕಲ್ಲಿನ ವ್ಯಾಪಾರ ಅವನದು. ಸ್ವಂತದ್ದೊಂದು ಟೆಂಪೋ ಇಟ್ಟುಕೊಂಡು ಊರಿನ ಎಲ್ಲ ಮನೆಗಳಿಗೂ ನೆಲ ಹಾಸಿದವನು. ಆದರೆ ವ್ಯಾನಿಗೆ ಫರಸಿ ಕೇಳಿದ ಗಿರಾಕಿ ಅವನಿಗೂ ನಾನೇ ಮೊದಲನೆಯವನು.

"ಸರ, ಗಾಡಿ ಎಳೀತದೇನ್ರಿ?" ಎಂದು ಅಂಜುತ್ತ ಕೇಳಿದ.

"ವಿಜ್ಞಾನ ಅದ ಖಾಜಾ. ಭಾರ ಕೆಳಗಿದ್ದಷ್ಟು ಗಾಡಿ ಪಲ್ಟಿ ಹೊಡಿಯಂಗಿಲ್ಲ" ಎಂದೆ.

ನನ್ನ ಮಾತು ಅಕ್ಷರಶಃ ನಿಜವಾಯಿತು. ಆ ವ್ಯಾನು ಎಂದೂ ಪಲ್ಟಿ ಹೊಡೆಯಲಿಲ್ಲ. ಪಲ್ಟಿ ಹೊಡೆಯಲು ಬೇಕಾದ ವೇಗ ಅದಕ್ಕೆ ಬರಲೇ ಇಲ್ಲ! ಕಲ್ಲು ಹಾಸಿದ ದಿನ ಅದು ಕೆರೆಯಲ್ಲಿ ಮಲಗಿದ ಎಮ್ಮೆಯ ಹಾಗೆ ನೆಲಕ್ಕೆ ಕುಸಿದು ಕೂತಿತು. ಸ್ಟಾರ್ಟು ಮಾಡಿದರೆ ಮೊದಲು ಹೊಗೆ ಹೊರಡುತ್ತಿತ್ತು. ಹೊಗೆ ಸ್ವಲ್ಪ ದೂರ ಹೋದ ಮೇಲೆ ವ್ಯಾನು ಹೊರಡುತ್ತಿತ್ತು.

ಇನ್ನು ಉಳಿದದ್ದು ಒಂದೇ, ದಾರಿ ತೋರಿಸುವ ಯಂತ್ರ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಮೊಬೈಲಿನೊಳಗೆ ನಕಾಶೆ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಗಾಜಿನ ಮುಂದೆ ಅಂಟಿಸುವ, ಉಪಗ್ರಹದಿಂದ ಸುದ್ದಿ ತರಿಸಿಕೊಂಡು ಹೆಣ್ಣು ದನಿಯಲ್ಲಿ ಎಡಕ್ಕೆ ಬಲಕ್ಕೆ ಎಂದು ಹೇಳುವ ಸಣ್ಣ ಡಬ್ಬಿ ಕಲಬುರಗಿಯ ಅಂಗಡಿಯಲ್ಲಿ ಬಂದಿದೆ ಎಂದು ಕೇಳಿದೆ. ಭೂಗೋಳದ ಮಾಸ್ತರನಿಗೆ ಯಂತ್ರ ಯಾಕೆ ಎಂದು ಸುಧಾ ಕೇಳಿದಳು. ಜ್ಞಾನ ಬೇರೆ, ಸೌಕರ್ಯ ಬೇರೆ ಎಂದು ಅವಳಿಗೆ ತಿಳಿಹೇಳಿದೆ. ಮೂವರೂ ಕಲಬುರಗಿಗೆ ಹೋದೆವು, ಬಸ್ಸಿನಲ್ಲಿ.

ಅಂಗಡಿಯವನು ಮೂರು ಯಂತ್ರಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟ. ಮೆಮೊರಿ, ಬ್ಯಾಟರಿ, ಟಚ್ ಸ್ಕ್ರೀನು ಎಂದು ಅವನು ಶುರು ಮಾಡುವುದರೊಳಗೆ ಸುಧಾ ಕೇಳಿದಳು.

"ಗುಂಡಗುರ್ತಿ ತೋರಿಸ್ರಿ."

ಗುಂಡಗುರ್ತಿ ಅವಳ ತವರು. ಮೊದಲನೆಯ ಯಂತ್ರದಲ್ಲಿ ಚಿತ್ತಾಪುರ ಇತ್ತು, ವಾಡಿ ಇತ್ತು, ನಡುವೆ ಬೆಳ್ಳಗೆ ಬಯಲು. ಗುಂಡಗುರ್ತಿ ಇರಲಿಲ್ಲ.

"ಒಳಗಿಡ್ರಿ" ಎಂದಳು. "ನನ್ನ ತವರು ಇಲ್ಲದ್ದು ಎಂಥಾ ಜಗತ್ತು ಅದು?"

ಎರಡನೆಯದರಲ್ಲಿ ಗುಂಡಗುರ್ತಿ ಸಿಕ್ಕಿತು. ಆದರೆ ಕಾಗಿಣಾ ಹೊಳೆಯ ನಟ್ಟನಡುವೆ ಸಿಕ್ಕಿತು. ಅಂಗಡಿಯವನು, "ಅಪ್‍ಡೇಟ್ ಆದ ಮ್ಯಾಲೆ ದಂಡಿಗೆ ಬರ್ತದ್ರಿ ಅಕ್ಕಾರ" ಎಂದ. ಸುಧಾ ಅವನನ್ನು ನೋಡಿದ ರೀತಿಗೆ ಅವನೇ ಅದನ್ನು ಒಳಗಿಟ್ಟ. ಮೂರನೆಯದರಲ್ಲಿ ಗುಂಡಗುರ್ತಿ ಒಣನೆಲದ ಮೇಲೆ ಇತ್ತು, ಚಿಂಚೋಳಿಯೂ ಇತ್ತು, ಕುರಕುಂಟಾ ಕೂಡ ಇತ್ತು. ಆಗ ಅಪ್ಪ ಮುಂದೆ ಬಂದರು.

"ಇದಕ್ಕ ವಾರಶೂಲೆ ತಿಳೀತದೇನು?"

ಅಂಗಡಿಯವನು ನನ್ನ ಮುಖ ನೋಡಿದ. ವಾರಶೂಲೆ ಎಂದರೆ ಇಂಥ ವಾರ ಇಂಥ ದಿಕ್ಕಿಗೆ ಹೊರಡಬಾರದು ಎಂಬ ಪಂಚಾಂಗದ ಲೆಕ್ಕ ಎಂದು ನಾನು ವಿವರಿಸಿದೆ. ಅವನು ಪಾಪ, ಬಹಳ ಹೊತ್ತು ಗುಂಡಿ ಒತ್ತಿ ಹುಡುಕಿದ. "ಟೋಲ್ ರೋಡ್ ಬ್ಯಾಡ ಅಂದ್ರ ತಪ್ಪಿಸ್ತದ್ರಿ. ಮಣ್ಣಿನ ರಸ್ತೆ ಬ್ಯಾಡ ಅಂದ್ರ ತಪ್ಪಿಸ್ತದ. ಉತ್ತರ ದಿಕ್ಕೇ ಬ್ಯಾಡ ಅಂದ್ರ ಇದರಾಗ ಇಲ್ರಿ ಅಜ್ಜಾರ."

"ಮತ್ತ ಮ್ಯಾಲೆ ಆಕಾಶದಾಗ ಇಟ್ಟು ಏನು ನೋಡ್ತಾರ?" ಎಂದರು ಅಪ್ಪ.

ಕೊನೆಗೆ ತವರಿನ ಬಲದಿಂದ ಮೂರನೆಯದೇ ಗೆದ್ದಿತು. ಹೀಗೆ ಜಗತ್ತಿನ ಅತ್ಯಂತ ಮುಂದುವರಿದ ಉಪಕರಣವೊಂದನ್ನು ನಮ್ಮ ಕುಟುಂಬವು ಕೂಲಂಕಷವಾಗಿ ಪರೀಕ್ಷಿಸಿ ಆರಿಸಿಕೊಂಡಿತು. ಮೆಮೊರಿ, ಬ್ಯಾಟರಿಯ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅದರ ಪರೀಕ್ಷೆಗೆ ಸಂದರ್ಭವೂ ಒದಗಿತು. ಅಪ್ಪನ ಅಕ್ಕ ಚಂಪಾಬಾಯಿ, ನನ್ನ ಸೋದರತ್ತೆ, ಚಿಂಚೋಳಿಯಲ್ಲಿ ಇರುವವಳು. ಅವಳ ಗಂಡ, ನಮ್ಮ ಮಾಮಾನಿಗೆ ಎಂಬತ್ತು ದಾಟಿತೆಂದು ಸಹಸ್ರ ಚಂದ್ರದರ್ಶನದ ಶಾಂತಿ ಇಟ್ಟುಕೊಂಡಿದ್ದರು. ಆ ದಿನ ಅತ್ತೆ ಗಂಡನ ಮಗ್ಗುಲಿಗೆ ಮಣೆಯ ಮೇಲೆ ಕೂಡುವಾಗ ತವರಿನಿಂದ ಬಂದ ಸೀರೆಯನ್ನೇ ಉಟ್ಟಿರಬೇಕು. ತವರಿನ ಆಯೇರಿ, ಅಂದರೆ ಉಡುಗೊರೆ ಅದು. ಅತ್ತೆ ಫೋನು ಮಾಡಿ, "ಸೀರಿ ಬರೋತನಕ ಮಣಿ ಮ್ಯಾಲೆ ಕೂಡಂಗಿಲ್ಲ. ಮಂದಿ ಮುಂದ ನನ್ನ ಮಾನ ನಿಮ್ಮ ಕೈಯಾಗ ಅದ" ಎಂದಿದ್ದಳು. ಅತ್ತೆ ಒಂದು ಮಾತು ಮನಸ್ಸಿನಲ್ಲಿಟ್ಟರೆ ಇಪ್ಪತ್ತು ವರ್ಷ ಕೆಡದಂತೆ ಇಡಬಲ್ಲವಳು. ಅಪ್ಪ ತಾವೇ ಆರಿಸಿ ಹಸಿರು ಇಳಕಲ್ ಸೀರೆ ತಂದರು.

ಶಾಂತಿ ಇದ್ದದ್ದು ಬುಧವಾರ. ಅಪ್ಪ ಪಂಚಾಂಗ ತೆಗೆದು ತಲೆಯ ಮೇಲೆ ಕೈ ಹೊತ್ತರು. ಚಿಂಚೋಳಿ ನಮಗೆ ಬಡಗು ದಿಕ್ಕು. ಮಂಗಳವಾರ, ಬುಧವಾರ ಎರಡೂ ದಿನ ಬಡಗು ದಿಕ್ಕಿಗೆ ಶೂಲೆ!

ಇದಕ್ಕೆ ಪರಿಹಾರವೂ ಶಾಸ್ತ್ರದಲ್ಲೇ ಇದೆ. ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿ ಯಾರದಾದರೂ ಮನೆಯಲ್ಲಿ ನಮ್ಮದೊಂದು ವಸ್ತುವನ್ನು ಇಟ್ಟು ಬರಬೇಕು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವ ದಿನವಾದರೂ ಹೊರಟು, ಆ ವಸ್ತುವನ್ನು ತೆಗೆದುಕೊಂಡು ಮುಂದೆ ಹೋಗಬಹುದು. ಅದು ಮಾತ್ರ ತಿರುಗಿ ಮನೆಗೆ ಬರಕೂಡದು. ಸೋಮವಾರವೇ ಪ್ರಸ್ಥಾನ ಎಂದು ಗೊತ್ತಾಯಿತು. ವಸ್ತು ಯಾವುದು?

"ಪ್ರಯಾಣ ಮಾಡೋವ್ಗ ಯಾವುದು ಜೀವಕ್ಕಿಂತ ಹೆಚ್ಚೋ ಅದನ್ನಿಡಬೇಕು" ಎಂದರು ಅಪ್ಪ.

"ಹಂಗಾದ್ರ ಆ ಡಬ್ಬಿನೇ ಇಡ್ರಿ ಮಾವಯ್ಯಾ" ಎಂದಳು ಸುಧಾ. "ಇವರು ರಾತ್ರಿ ತಲಿದಿಂಬಿನ ಮಗ್ಗಲಿಗೆ ಇಟ್ಗೊಂಡು ಮಲಗ್ತಾರ."

ಬಟ್ಟೆಯೂ ಇರಬೇಕೆಂದು ಅಪ್ಪ ಸೀರೆಯನ್ನೂ ಅದರ ಜೊತೆ ಇಟ್ಟು, ಹಳದಿ ವಸ್ತ್ರದಲ್ಲಿ ಗಂಟು ಕಟ್ಟಿದರು. ನಮ್ಮ ಬಡಗಿಗೆ ಇದ್ದದ್ದು ಖಾಜಾಮಿಯಾನ ಮನೆ. ಅವನು ಗಂಟನ್ನು ಎರಡೂ ಕೈಯಿಂದ ಇಸಿದುಕೊಂಡು, "ಅಮಾನತ್ ಅದ ಸರ. ಕಣ್ಣಿನಾಗ ಇಟ್ಗೊಂಡು ಕಾಯ್ತೀನಿ" ಎಂದ. ನಾನು ಅಷ್ಟಕ್ಕೆ ಸುಮ್ಮನೆ ಬರಬೇಕಿತ್ತು. ಗಂಟು ಬಿಚ್ಚಿಸಿ, ಯಂತ್ರ ಹೇಗೆ ನಡೆಯುತ್ತದೆ ಎಂದು ಅವನಿಗೆ ಪಾಠ ಮಾಡಿದೆ. ಚಿಂಚೋಳಿ ಆಗಲೇ ಹಾಕಿಟ್ಟಿದ್ದೇನೆ, ಈ ಗುಂಡಿ ಒತ್ತಿದರೆ ಸಾಕು, ಎಂಥ ದಡ್ಡನೂ ಮುಟ್ಟುತ್ತಾನೆ ಎಂದೆ.

ಬುಧವಾರ ಮುಂಜಾನೆ ವ್ಯಾನಿಗೆ ಕಾಯಿ ಒಡೆದು ಹೊರಟೆವು. ಖಾಜಾಮಿಯಾನ ಬಾಗಿಲಿಗೆ ಬಂದರೆ ಕೀಲಿ! ಫೋನು ಹಚ್ಚಿದೆ.

"ಸರ, ನಾ ವಾಡಿದಾಗ ಇದ್ದೀನ್ರಿ. ಕಲ್ಲು ತರಾಕ ಬಂದೀನಿ. ಮನ್ಯಾಗ ಯಾರೂ ಇಲ್ಲ, ಬೇಗಂ ತವರಿಗೆ ಹೋಗ್ಯಾಳ. ಅಮಾನತ್ ಖಾಲಿ ಮನ್ಯಾಗ ಹ್ಯಾಂಗ ಬಿಡಬೇಕಂತ ಕೂಡ ತಂದೀನಿ. ನೀವು ಇನ್ನೂ ಹೊತ್ತಾದ ಮ್ಯಾಲೆ ಹೊರಡ್ತೀರಿ ಅನ್ಕೊಂಡಿದ್ದೆ. ಅಲ್ಲೇ ಕುಂದ್ರಿ, ಈಗ ಬಂದ್ಬಿಡ್ತೀನಿ."

"ಕೂಡೋಣ" ಎಂದಳು ಸುಧಾ. "ಚಹಾ ಕುಡಿಯೂದ್ರಾಗ ಬರ್ತಾನ."

ಆದರೆ ಭೂಗೋಳ ಬಲ್ಲವನು ಕೂತು ಕಾಯುವುದುಂಟೇ? ನಾವೂ ಎದುರು ಹೋದರೆ ಅರ್ಧ ದಾರಿಯಲ್ಲಿ ಗಂಟು ಸಿಗುತ್ತದೆ, ಅರ್ಧ ಹೊತ್ತು ಉಳಿಯುತ್ತದೆ ಎಂದೆ. ಮೇಲಾಗಿ ವಾಡಿ ನಮಗೆ ಪಡುವಲು, ಬುಧವಾರ ಆ ಕಡೆ ಶೂಲೆ ಇಲ್ಲ. ಈ ಮಾತಿಗೆ ಅಪ್ಪನೂ ತಲೆದೂಗಿದರು. ಅವರು ನನ್ನ ಮಾತಿಗೆ ತಲೆದೂಗಿದ್ದು ಅದೇ ಮೊದಲು, ಅದೇ ಕೊನೆ.

ನಮ್ಮ ವ್ಯಾನಿಗೂ ಅರ್ಧ ದಾರಿಗೂ ಹೊಂದಾಣಿಕೆ ಆಗಲಿಲ್ಲ. ಚಿತ್ತಾಪುರ ದಾಟುವುದರೊಳಗೆ ಎರಡು ಸಲ ರೇಡಿಯೇಟರಿಗೆ ನೀರು ಕುಡಿಸಿದೆವು. ಮುಖ್ಯ ರಸ್ತೆಯಲ್ಲಿ ಹೋದರೆ ತಡವೆಂದು ನಾನು ಹೊಲದ ನಡುವಿನ ಒಂದು ಅಡ್ಡದಾರಿ ಹಿಡಿದೆ. ಆ ದಾರಿ ಒಂದು ಬಾವಿಯ ಹತ್ತಿರ ಮುಗಿಯಿತು! ತಿರುಗಿಸಿಕೊಂಡು ಮತ್ತೆ ಮುಖ್ಯ ರಸ್ತೆಗೆ ಬರುವಾಗ ಖಾಜಾಮಿಯಾ ನಮ್ಮನ್ನು ದಾಟಿ ಸೇಡಂ ಕಡೆ ಹೋಗಿಬಿಟ್ಟಿದ್ದ. ಸೇಡಂನಲ್ಲಿ ನಾವಿಲ್ಲದ್ದು ಕಂಡು, ವಾಡಿಯ ಕಡೆ ಹೋದರೆಂದು ಓಣಿಯವರಿಂದ ತಿಳಿದು, ಮತ್ತೆ ನಮ್ಮ ಹಿಂದೆ ಬಂದ. ನಾವು ವಾಡಿ ಮುಟ್ಟುವ ಹೊತ್ತಿಗೆ ನಾವು ನೀರು ಹುಡುಕಿ ರಸ್ತೆ ಬಿಟ್ಟಾಗ ಅವನು ನಮ್ಮನ್ನು ಹಿಂದೆ ಹಾಕಿ ವಾಡಿಗೆ ಬಂದಿದ್ದ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನ್ನ ಮೊಬೈಲಿನ ಬ್ಯಾಟರಿ ಮುಗಿದಿತ್ತು.

ವಾಡಿಯ ರೈಲ್ವೆ ಗೇಟು ಬಿದ್ದಿತ್ತು. ಆಚೆ ಬದಿಯಲ್ಲಿ, ದೇವರು ದೊಡ್ಡವನು, ಖಾಜಾಮಿಯಾನ ಟೆಂಪೋ! ಅವನು ಕೆಳಗಿಳಿದು ಹಳದಿ ಗಂಟನ್ನು ಎತ್ತಿ ತೋರಿಸಿದ. ಅಪ್ಪ ಕೈ ಮುಗಿದರು. ನಾನು ಕಿಟಕಿಯಿಂದ ಅರ್ಧ ಹೊರಬಂದು, ನಾವು ದಾಟಿ ಬರುವತನಕ ಆಚೆಯ ಆ ಬೇವಿನ ಗಿಡದ ಹತ್ತಿರ ಗಾಡಿ ನಿಲ್ಲಿಸು ಎಂದು ಕೈ ನೀಡಿ ತೋರಿಸಿದೆ. ಬೇವಿನ ಗಿಡ ಇದ್ದದ್ದು ಬಡಗು ಬದಿಗೆ. ಅಷ್ಟರಲ್ಲಿ ಸಿಮೆಂಟಿನ ಗೂಡ್ಸು ಗಾಡಿ ನಡುವೆ ಬಂತು. ಅಂಥ ಉದ್ದದ ಗಾಡಿಯನ್ನು ನಾನು ಆಮೇಲೂ ಕಂಡಿಲ್ಲ. ಅದರ ಕೊನೆಯ ಡಬ್ಬಿ ಸರಿದಾಗ ಗೇಟಿನ ಆಚೆ ಟೆಂಪೋ ಇರಲಿಲ್ಲ. ಬೇವಿನ ಗಿಡದ ಕೆಳಗೆ ಒಂದು ಆಡು ಇತ್ತು.

"ನೀವು ಏನಂತ ಕೈ ಮಾಡಿದ್ರಿ?" ಎಂದಳು ಸುಧಾ.

"ಗಿಡದ ಕಡೆ ತೋರಿಸಿದೆ."

"ನನಗ ಚಿಂಚೋಳಿ ಕಡೆ ಹೋಗು ಅಂದಂಗ ಕಾಣಿಸ್ತು."

ಅವಳ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಹಾದ ಅಂಗಡಿಯವನು, ಕಲ್ಲು ತುಂಬಿದ ಟೆಂಪೋ ಈಗಷ್ಟೇ ಶಹಾಬಾದಿನ ಕಡೆ ಹೋಯಿತು ಎಂದ. ಬೆನ್ನು ಹತ್ತಿದೆವು. ಶಹಾಬಾದಿನ ಕಲ್ಲಿನ ಗಣಿಯ ಬಾಯಿಯವರೆಗೂ ಬಿಡದೆ ಬೆನ್ನು ಹತ್ತಿದೆವು. ಟೆಂಪೋ ನಿಂತಿತು. ಒಳಗಿಂದ ಯಾರೋ ಗುರುತಿಲ್ಲದ ಮನುಷ್ಯ ಇಳಿದ. ಆ ಭಾಗದಲ್ಲಿ ಕಲ್ಲು ತುಂಬಿರದ ಟೆಂಪೋ ಸಿಗುವುದೇ ಅಪರೂಪ ಎಂಬುದು ಭೂಗೋಳದ ಮಾಸ್ತರನಿಗೆ ಆಗ ಹೊಳೆಯಿತು.

"ಫರಸಿ ಬೇಕಾಗಿತ್ತೇನ್ರಿ?" ಎಂದ ಅವನು. ಆಮೇಲೆ ವ್ಯಾನಿನೊಳಗೆ ಇಣುಕಿ ನೋಡಿ, "ಏ, ನಿಮ್ಮ ಕಡೆ ಭಾಳ ಅದಲ್ರಿ. ಮಾರೋದದೇನು?" ಎಂದು ಕೇಳಿದ.

ಸೀರೆ ಇಲ್ಲದೆ ಯಾವ ಮುಖ ಹೊತ್ತು ಅಕ್ಕನ ಮುಂದೆ ನಿಲ್ಲಲಿ ಎಂಬುದು ಅಪ್ಪನ ಮುಖದ ಮೇಲೇ ಬರೆದಿತ್ತು. ಇನ್ನು ಗಂಟಿನ ಆಸೆ ಬಿಟ್ಟು ನೇರ ಚಿಂಚೋಳಿಗೆ ಹೋಗಿ ಅತ್ತೆಯ ಕಾಲು ಹಿಡಿಯುವುದು ಎಂದು ನಿರ್ಧಾರವಾಯಿತು. ದಾರಿ ಇದ್ದದ್ದು ಗುಂಡಗುರ್ತಿಯ ಮೇಲೆ. ತವರಿನ ಮುಂದೆ ಹಾಯ್ದು ನಿಲ್ಲದೆ ಹೋಗುವುದು ಸುಧಾಳ ಕಾನೂನಿನಲ್ಲಿ ಇಲ್ಲ. ಅವಳ ಅಣ್ಣ ರಸ್ತೆಗೇ ಅಡ್ಡ ಬಂದು ನಿಂತ.

"ಬರ್ರಿ, ಬರ್ರಿ. ದಾರಿ ತೋರಿಸೋ ಮಶೀನ್ ತಂದೀರಂತ. ಎಲ್ಲಿ ಅದ?"

"ಮುಂದ ಹೋಗೇದ" ಎಂದೆ.

"ಬರೋಬ್ಬರಿ ಅದ ಬಿಡ್ರಿ. ದಾರಿ ತೋರ್ಸೋದು ಮುಂದೇ ಇರಬೇಕು" ಎಂದು ಅವನು ಮೆಚ್ಚಿಕೊಂಡ.

ಅವನ ಫೋನಿನಿಂದ ಅತ್ತೆಯ ಮನೆಗೆ ಮಾತಾಡಿದೆ. ಹಿಂದೆ ಮಂತ್ರದ ಗದ್ದಲ, ಮುಂದೆ ಅತ್ತೆಯ ದನಿ.

"ಎಲ್ಲಿದ್ದೀಯೋ? ಸೀರಿ ಎಲ್ಲಿ? ಆಚಾರ್ರು ಕರೀಲಿಕತ್ತಾರ, ನಾ ಹಳೇ ಸೀರಿ ಮ್ಯಾಲೆ ಬಾಗ್ಲಾಗ ನಿಂತೀನಿ."

"ಅತ್ಯಾ, ಇಲ್ಲೇ ಊರ ಹತ್ರ ಬಂದೀವಿ" ಎಂದೆ. ಯಾವ ಊರು ಎಂದು ಹೇಳಲಿಲ್ಲ. ಗುಂಡಗುರ್ತಿಯೂ ಊರೇ ತಾನೆ? ಖಾಜಾಮಿಯಾನ ಫೋನಿಗೂ ಹಚ್ಚಿ ನೋಡಿದೆ. ಅದು ಬಂದ್ ಆಗಿತ್ತು.

ಆಮೇಲಿನ ದಾರಿಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಏರು ಬಂದಲ್ಲೆಲ್ಲ ಸುಧಾ ಮತ್ತು ಅಪ್ಪ ಇಳಿದು ನಡೆದರು. ಅವರು ಏರಿನ ತುದಿಗೆ ಹೋಗಿ, ಗಿಡದ ನೆರಳಿನಲ್ಲಿ ಕೂತು, ನನ್ನ ದಾರಿ ಕಾಯುತ್ತಿದ್ದರು. ಮಡಿ ಅಡಿಗೆಮನೆ ಬೆನ್ನಿಗಿದ್ದರೂ ಯಾರೂ ಒಲೆ ಹೊತ್ತಿಸಲಿಲ್ಲ. ಅಪ್ಪ ಇಡೀ ದಿನ ಒಂದು ತುಳಸಿ ಎಲೆಯ ಮೇಲೆ ಇದ್ದರು.

ಚಿಂಚೋಳಿಯಲ್ಲಿ ಅತ್ತೆಯ ಮನೆಯ ಮುಂದೆ ವ್ಯಾನು ನಿಂತಾಗ ಚಪ್ಪರದೊಳಗೆ ಉಂಡವರು ಸಾಲಾಗಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ನಡುವೆ ಕುರ್ಚಿಯ ಮೇಲೆ ಖಾಜಾಮಿಯಾ! ಬಾಯಿ ತುಂಬ ವೀಳ್ಯ, ಹೆಗಲಿಗೆ ಹೊಸ ಟವೆಲು. ಅವನ ಎದುರಿಗೆ ಅತ್ತೆ, ಮೈ ತುಂಬ ಹಸಿರು ಇಳಕಲ್ ಸೀರೆ. ಅದನ್ನು ಕಂಡು ಅಪ್ಪನ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ನನ್ನದರಲ್ಲಿ ಸ್ವಲ್ಪ ಹೊಗೆಯ ಪಾಲೂ ಇತ್ತು.

"ಸರ, ನೀವು ಗೇಟಿನ ಹಂತ್ಯಾಕ ಹೋಗು ಅಂತ ಕೈ ಮಾಡಿದ್ರಲ್ಲ" ಎಂದು ಖಾಜಾಮಿಯಾ ಎದ್ದು ನಿಂತ. "ಗಂಟು ಬಿಚ್ಚಿ ನೀವು ಹೇಳಿಕೊಟ್ಟ ಗುಂಡಿ ಒತ್ತಿದೆ. ಅದರಾಗಿನ ಬಾಯಾರು ಅಡ್ಡಿಲ್ಲದ ಕರಕೊಂಡು ಬಂದ್ರು. ಅವರು ಮಾತಾಡಾಕತ್ತಾಗ ನಡುವ ಫೋನ್ ಎತ್ತೋದು ಛಲೋ ಅಲ್ಲಂತ ಬಂದ್ ಮಾಡಿದ್ದೆ. ಊರಾಗ ಶಾಂತಿ ಮನಿ ಕೇಳ್ಕೊಂಡು ಹೋಗಿ ಸೇಡಂದಿಂದ ಆಯೇರಿ ತಂದೀನಿ ಅಂದೆ, ಅಮ್ಮಾರು ಆರತಿ ಮಾಡಿ ಒಳಗ ಕರದ್ರು."

ಅಲ್ಲಿಗೆ ಯಂತ್ರ ಚೆನ್ನಾಗಿ ನಡೆಯುತ್ತದೆ ಎಂದು ಸಿದ್ಧವಾಯಿತು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಅದರ ಹತ್ತಿರ ಇರಬಾರದು, ಅಷ್ಟೆ.

ಆಚಾರ್ಯರು ನಿದ್ದೆಗಣ್ಣಿನಲ್ಲೇ ಎದ್ದು ಅಪ್ಪನನ್ನು ಸಮಾಧಾನ ಮಾಡಿದರು. "ಚಿಂತಿ ಮಾಡಬ್ಯಾಡ್ರಿ. ಪ್ರಸ್ಥಾನ ಮುಟ್ಟಿತು ಅಂದ್ರ ಪ್ರಯಾಣಿಕರೇ ಮುಟ್ಟಿದಂಗ. ಶಾಸ್ತ್ರದ ಪ್ರಕಾರ ನೀವು ಮುಹೂರ್ತಕ್ಕ ಸರಿಯಾಗಿ ಬಂದೀರಿ." ಅಪ್ಪನ ಮುಖ ಅರಳಿತು. ಶಾಸ್ತ್ರದ ಪ್ರಕಾರ ನಾವು ಬಂದಿದ್ದೆವು, ಆಯೇರಿ ಕೊಟ್ಟಿದ್ದೆವು, ಊಟಕ್ಕೂ ಕೂತಿದ್ದೆವು. ಹಾಗಾಗಿ ಹೋಳಿಗೆ ಮುಗಿದಿತ್ತು!

ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮಗ್ಗುಲಲ್ಲಿದ್ದ ಬೀಗಿತ್ತಿಯೊಬ್ಬಳು, "ಇವರು ಯಾರ್ರಿ?" ಎಂದಳು.

"ತವರಿನಿಂದ ಬರಬೇಕಾದಾಂವ ಖಾಜಾ, ಬಂದಾನ" ಎಂದಳು ಅತ್ತೆ. "ಇವರು ಯಾರೋ ಗೊತ್ತಿಲ್ಲ. ಅಡ್ರೆಸ್ ಕೇಳ್ಲಿಕ್ಕೆ ಬಂದಿರಬೇಕು."

ಹಾಗಂದರೂ ಒಳಗೆ ಹೋಗಿ ತಾನೇ ಅನ್ನ ಸಾರು ಬಡಿಸಿದಳು. ಅಪ್ಪ ಮೂರು ಸಲ ಅನ್ನ ಹಾಕಿಸಿಕೊಂಡರು. ಫೋಟೋ ತೆಗೆಯುವವನು ಇನ್ನೂ ಹೋಗಿರಲಿಲ್ಲ. ಮುಹೂರ್ತದ ಫೋಟೋದಲ್ಲಿ ಅತ್ತೆ, ಮಾಮಾ, ತವರಿನವರ ಜಾಗದಲ್ಲಿ ತಾಟು ಹಿಡಿದ ಖಾಜಾಮಿಯಾ. ನಮ್ಮದೂ ಒಂದಿರಲಿ ಎಂದು ತೆಗೆಸಿದೆವು. ಅದರಲ್ಲಿ ನಾವು ಮೂವರು, ಮುಂದೆ ಎರಡು ಖಾಲಿ ಮಣೆ. ಅತ್ತೆ ಮಾಮಾ ದಣಿದು ಒಳಗೆ ಅಡ್ಡಾಗಿದ್ದರು.

ತಿರುಗಿ ಬರುವಾಗ ಅಪ್ಪ ಟೆಂಪೋದಲ್ಲಿ ಖಾಜಾಮಿಯಾನ ಮಗ್ಗುಲಿಗೆ ಕೂತರು. ಸುಧಾಳೂ ಅಲ್ಲೇ ಕೂತಳು.

ಕೆಲವು ದಿನದ ಮೇಲೆ ಅತ್ತೆಯ ಫೋನು ಬಂತು. ದೀಪಾವಳಿ ಕಳೆದ ಮೇಲೆ ಮೊಮ್ಮಗನ ಮುಂಜಿ ಇಟ್ಟುಕೊಂಡಿದ್ದಾರಂತೆ, ಎಲ್ಲರೂ ಬರಬೇಕಂತೆ. ಆಗಿನ್ನೂ ಯುಗಾದಿಯೂ ಆಗಿರಲಿಲ್ಲ. ಅತ್ತೆಯ ದನಿ ದೊಡ್ಡದು, ಫೋನು ಅಪ್ಪನ ಕಿವಿಗಿದ್ದರೂ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಖಾಜಾಗ ಅವತ್ತು ಮುಂಜಾನೆ ಹೊರಟರ ಸಾಕು ಅಂತ ಹೇಳು" ಎಂದಳು. "ನಿನ್ನ ಮಗ ಮಾತ್ರ ಈಗೇ ಹೊರಡಲಿ."

ಅಪ್ಪ ಫೋನಿಟ್ಟು ನನ್ನ ಕಡೆ ನೋಡಿದರು. ನಾನು ವ್ಯಾನಿನ ಕೀಲಿಕೈ ಹುಡುಕತೊಡಗಿದೆ.